ಖಾಲಿ ಕರಡಿಗೆ

ಕರಿಯಣ್ಣ ಎಂಜಿನ್ ನಿಲ್ಲಿಸಿದ. ಜೀಪು ಇಳಿಜಾರಿನಲ್ಲಿ ತನ್ನಷ್ಟಕ್ಕೆ ಒಂದಿಷ್ಟು ಉರುಳಿ ಕೋಣನಕಟ್ಟೆಯ ದಂಡೆಗೆ ಬಂದು ನಿಂತಿತು.

“ಕೇಳಿಸ್ತಾ ಮೇಡಂ?”

ಎಡಗಡೆಯ ಮತ್ತಿಮರದ ತುದಿಯಲ್ಲಿ ಕರಿಮೋರೆಯ ಮುಸಿಯ ಕೋತಿಯೊಂದು ಕೆಮ್ಮಿದ ಹಾಗೆ ಕೂಗಿತು. ತುಸು ಬಿಟ್ಟು ಇನ್ನೊಮ್ಮೆ ಕೂಗಿತು.

“ಮೇಲಿಂದ ಅದಕ್ಕೆ ಕಾಣ್ತಾ ಐತೆ. ನಮಗೆ ಕಾಣ್ತಿಲ್ಲ, ಅಷ್ಟೇ. ಯಾರೂ ಎದ್ದು ನಿಲ್ಲಂಗಿಲ್ಲ. ಇಳಿಯೋ ಮಾತಂತೂ ಇಲ್ವೇ ಇಲ್ಲ. ಹುಲಿ ಟಿಕೆಟ್ ಕೇಳಲ್ಲ.”

ಶಿಕಾರಿಪುರ ಠಾಣೆಯ ಸಬ್ ಇನ್‌ಸ್ಪೆಕ್ಟರ್ ನಾಗವೇಣಿಯ ಬಲಗೈ ಅಭ್ಯಾಸಬಲದಿಂದ ಸೊಂಟಕ್ಕೆ ಹೋಗಿ ಬರಿದಾಗಿ ವಾಪಸು ಬಂತು. ಪಿಸ್ತೂಲು ಗೇಟಿನ ಕೊಠಡಿಯಲ್ಲಿತ್ತು. ಮತ್ತಿಹಳ್ಳ ಹುಲಿಧಾಮದೊಳಕ್ಕೆ ಪೊಲೀಸರಾದರೂ ಅನುಮತಿಯಿಲ್ಲದೆ ಆಯುಧ ಒಯ್ಯುವಂತಿಲ್ಲ ಎಂದು ವಲಯ ಅರಣ್ಯಾಧಿಕಾರಿ ತೀರ್ಥೇಶ್ ನಗುನಗುತ್ತಲೇ ಹೇಳಿ ಬಿಡಿಸಿಕೊಂಡಿದ್ದ. ಸೊರಬ ದಾಟಿ ಕಾಡು ಹತ್ತಿದ ಮೇಲೆ ಮೊಬೈಲಿನಲ್ಲಿ ಸಿಗ್ನಲ್ಲೂ ಇರಲಿಲ್ಲ.

“ಕಾಣೆಯಾದವರ ದೂರು ನಿಮ್ಮ ಠಾಣೇಲಿ ಇರಬಹುದು ಮೇಡಂ. ಕಾಡು ನಮ್ದು, ತಾಲ್ಲೂಕು ಸೊರಬ. ಪರಿಶೀಲನೆ ಮಾಡ್ಬೇಕು ಅಂದ್ರೆ ಮೇಲಿಂದ ಆದೇಶ ತನ್ನಿ. ಸುಮ್ನೆ ನೋಡ್ಬೇಕು ಅಂದ್ರೆ ಟಿಕೆಟ್ ತಗೊಳ್ಳಿ,” ಎಂದಿದ್ದ ತೀರ್ಥೇಶ್.

ಆದೇಶ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಹುಲಿ ಗಣತಿಗೆಂದು ಕಾಡಿಗೆ ಬಂದು ಕಾಣೆಯಾದ ಮಹಾಂತೇಶನನ್ನು ಕೊಂದದ್ದು ಸೊಟ್ಟಬಾಲ ಎಂಬ ಗಂಡು ಹುಲಿ ಎಂದು ಇಲಾಖೆ ತೀರ್ಮಾನಿಸಿಯಾಗಿತ್ತು. ಅದನ್ನು ಅರಿವಳಿಕೆ ಕೊಟ್ಟು ಹಿಡಿಯುವ ಕೆಲಸ ನಾಳೆ ಬೆಳಿಗ್ಗೆ ಶುರು. ಆನೆಗಳು ಬರುತ್ತವೆ, ಬೋನು ಬರುತ್ತದೆ, ಹತ್ತಾರು ಜನ ಈ ನೆಲವನ್ನು ತುಳಿದು ಹದ ಮಾಡುತ್ತಾರೆ. ಅದಾದ ಮೇಲೆ ಇಲ್ಲಿ ಹುಡುಕುವುದಕ್ಕೆ ಏನೂ ಉಳಿಯುವುದಿಲ್ಲ. ಈ ಸಂಜೆಯ ಸಫಾರಿಯೇ ಕೊನೆಯದು. ಅದಕ್ಕೇ ಅವಳು ಮರುಮಾತಾಡದೆ ಟಿಕೆಟ್ ತೆಗೆದುಕೊಂಡಿದ್ದಳು.

ನರಭಕ್ಷಕನ ಸುದ್ದಿ ಹಬ್ಬಿದ ಮೇಲೆ ಪ್ರವಾಸಿಗರು ಈ ಕಡೆ ತಲೆ ಹಾಕುತ್ತಿರಲಿಲ್ಲ. ಎದುರುಬದುರು ಬೆಂಚಿನ ಆ ಹಳೆಯ ತೆರೆದ ಜೀಪಿನಲ್ಲಿ ಇದ್ದದ್ದು ಡ್ರೈವರ್ ಬಿಟ್ಟರೆ ಮೂವರೇ. ನಾಗವೇಣಿ, ಅವಳ ಪಕ್ಕದಲ್ಲಿ ಆ ಜಾಗ ನೋಡಲೇಬೇಕೆಂದು ಬಂದ ಮಹಾಂತೇಶನ ಹೆಂಡತಿ ಶೃತಿ, ಎದುರಿಗೆ ಅವಳ ಜೊತೆಗೆ ಬಂದ ಮಹಾಂತೇಶನ ಅಣ್ಣ ಮಲ್ಲಿಕಾರ್ಜುನ್.

ಕಟ್ಟೆಯ ಕೆಸರಂಚಿನಲ್ಲಿ ನಾಲ್ಕು ಬಿದಿರುಕೋಲು ನೆಟ್ಟು ಕೆಂಪು ಪಟ್ಟಿ ಸುತ್ತಿದ್ದರು. ರಕ್ತ ಮೆತ್ತಿದ ಅಂಗಿಯ ಚೂರುಗಳು ಸಿಕ್ಕಿದ್ದು ಅಲ್ಲಿ. ಶಿವದಾರದ ಸಮೇತ ಅವನ ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಸಿಕ್ಕಿದ್ದೂ ಅಲ್ಲೇ. ಅವನ್ನು ಇಲಾಖೆ ಠಾಣೆಗೆ ಒಪ್ಪಿಸಿತ್ತು. ದೇಹ ಮಾತ್ರ ಸಿಕ್ಕಿರಲಿಲ್ಲ. ಹುಲಿ ಎಳೆದುಕೊಂಡು ಹೋದದ್ದು ಎಲ್ಲೆಂದು ಹೇಳುವುದು ಕಷ್ಟ ಎಂದು ಇಲಾಖೆ ಕೈ ತೊಳೆದುಕೊಂಡಿತ್ತು.

ಶೃತಿ ಆ ಕೆಂಪು ಪಟ್ಟಿಯನ್ನೇ ನೋಡುತ್ತಿದ್ದಳು. ಅಳಲಿಲ್ಲ. ಮನೆಯಿಂದ ಹೊರಡುವಾಗ ಸೆರಗಿನಲ್ಲಿ ಕಟ್ಟಿಕೊಂಡಿದ್ದ ವಿಭೂತಿಯ ಗಟ್ಟಿಯನ್ನು ಬಟ್ಟೆಯ ಮೇಲಿಂದಲೇ ಹಿಸುಕುತ್ತ ಕೂತಿದ್ದಳು.

“ಮೇಡಂ, ಅವರ ಲಿಂಗ ಯಾವಾಗ ಕೊಡ್ತೀರಿ?” ಎಂದಳು. “ನಮ್ಮತ್ತೆ ವೀರಮ್ಮಾರು ಊಟ ಬಿಟ್ಟು ಕುಂತಾರ. ಮಗ ಸಿಗ್ಲಿಲ್ಲ, ಲಿಂಗಾನಾದ್ರೂ ಮನೆಗೆ ಬರ್ಲಿ ಅಂತಾರ. ಅದನ್ನ ಹಂಗೆ ಎಲ್ಲೆಲ್ಲೋ ಇಡಬಾರ್ದು ರೀ.”

“ಕೋರ್ಟಿಗೆ ಬರೆದಿದ್ದೀನಮ್ಮ. ಕರಡಿಗೆ ಕೊಡಿಸ್ತೀನಿ,” ಎಂದಳು ನಾಗವೇಣಿ. ಮುಂದಿನದನ್ನು ಹೇಳಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿದಳು. ಎಂದಾದರೂ ಹೇಳಲೇಬೇಕಾದ ಮಾತು. “ಲಿಂಗ ಒಳಗಿಲ್ಲ ಶೃತಿ. ಪಂಚರ ಮುಂದೆ ತೆಗೆದು ನೋಡಿದ್ವಿ. ಖಾಲಿ ಇತ್ತು. ಎಳೆದಾಟದಲ್ಲಿ ಕೆಸರಿಗೆ ಬಿದ್ದಿರಬೇಕು.”

ಶೃತಿಯ ಬೆರಳು ನಿಂತಿತು.

“ತೆಗೆದು ನೋಡಿದ್ರಿ ಅಂದ್ರೆ? ಮುಚ್ಚಳ ಮುಚ್ಚಿತ್ತಾ?”

“ಮುಚ್ಚಿತ್ತು.”

“ಗಟ್ಟಿಯಾಗಿ?”

“ನಮ್ಮ ಕಾನ್‌ಸ್ಟೇಬಲ್ ಉಗುರು ಕಿತ್ಕೊಂಡ. ಕೊನೆಗೆ ಚಮಚದ ತುದಿ ಹಾಕಿ ಮೀಟಬೇಕಾಯ್ತು.”

“ಹಂಗಾದ್ರೆ ಬೀಳೋದು ಹೆಂಗ್ ರೀ?” ಶೃತಿ ಮೊದಲ ಸಲ ಕಟ್ಟೆಯಿಂದ ಕಣ್ಣು ಕಿತ್ತು ನಾಗವೇಣಿಯ ಕಡೆ ತಿರುಗಿದಳು. “ದಿನಾ ಪೂಜೆ ಹೊತ್ತಿಗೆ ಅದನ್ನ ಬಿಚ್ಚೋಕೆ ಅವರು ಗುದ್ದಾಡೋದು, ಅತ್ತೆ ಬೈಯೋದು. ಹೊಸದು ಮಾಡ್ಸೋ ಅಂದ್ರೆ ಅಜ್ಜನ ಕಾಲದ್ದು ಅಂತಿದ್ರು. ಲಿಂಗ ಬಿದ್ದು ಮುಚ್ಚಳ ತಾನೇ ಮುಚ್ಕೊಳ್ತಾ?”

ಮತ್ತಿಮರದ ಮುಸಿಯ ಸುಮ್ಮನಾಗಿತ್ತು. ಕರಿಯಣ್ಣ ಅತ್ತ ಒಮ್ಮೆ ನೋಡಿ, ಎಂಜಿನ್ ಚಾಲೂ ಮಾಡಿ, ಜೀಪನ್ನು ಕಟ್ಟೆಯ ಪಕ್ಕದ ಮಣ್ಣುದಾರಿಗೆ ಮೆಲ್ಲನೆ ಬಿಟ್ಟ.

ಮಹಜರಿನಲ್ಲಿ ತಾನೇ ಬರೆಸಿದ್ದ ಸಾಲು ನಾಗವೇಣಿಯ ಕಣ್ಣೆದುರು ಬಂತು. ಬೆಳ್ಳಿಯ ಕರಡಿಗೆ ಒಂದು, ಮುಚ್ಚಿದ್ದು, ಒಳಗೆ ಏನೂ ಇಲ್ಲ. ಏನೂ ಇಲ್ಲ ಎಂಬುದನ್ನು ಅವಳು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವಳ ಮನೆಯಲ್ಲಿ ಲಿಂಗ ಕಟ್ಟುವ ಪದ್ಧತಿ ಇರಲಿಲ್ಲ.

ಹುಲಿ ಮುಚ್ಚಳ ತೆಗೆಯುವುದಿಲ್ಲ. ತೆಗೆದರೂ ಮತ್ತೆ ಮುಚ್ಚುವುದಿಲ್ಲ. ಕಳ್ಳನಾಗಿದ್ದರೆ ಬೆಳ್ಳಿ ಒಯ್ದು ಲಿಂಗವನ್ನು ಅಲ್ಲೇ ಬಿಸಾಡುತ್ತಿದ್ದ. ಇಲ್ಲಿ ಬೆಳ್ಳಿ ಉಳಿದಿದೆ, ಲಿಂಗ ಹೋಗಿದೆ. ಬೆಳ್ಳಿಗಿಂತ ಲಿಂಗ ದೊಡ್ಡದು ಎಂದು ತಿಳಿದವನ ಕೈ ಅದು. ಸತ್ತವನ ಗುರುತು ಹತ್ತಲಿ ಎಂದು ಕರಡಿಗೆಯನ್ನು ಕೆಸರಿಗೆ ಎಸೆದಿದ್ದಾನೆ. ಲಿಂಗವನ್ನು ಕೆಸರಿಗೆ ಹಾಕಲು ಮಾತ್ರ ಅವನಿಗೆ ಕೈ ಬಂದಿಲ್ಲ.

“ಶೃತಿ, ಒಬ್ರು ತಮ್ಮ ಲಿಂಗಾನ ಕರಡಿಗೆಯಿಂದ ಯಾವಾಗ ತೆಗೀತಾರೆ?”

“ಪೂಜೆಗೆ.”

“ಪೂಜೆ ಬಿಟ್ರೆ?”

ಜೀಪು ಎರಡು ಗುಂಡಿ ಹಾರಿತು. ಆಮೇಲೆ ಶೃತಿ ಸೆರಗನ್ನು ಬಾಯಿಗೆ ಒತ್ತಿಕೊಂಡೇ ಹೇಳಿದಳು.

“ಮಣ್ಣು ಮಾಡುವಾಗ. ಕೂರಿಸಿ, ಎಡಗೈಯಾಗ ಲಿಂಗ ಇಟ್ಟು ಮಣ್ಣು ಮಾಡ್ತಾರೆ ರೀ.”

ಇದ್ದದ್ದು ಎರಡೇ ದಾರಿ. ಮಹಾಂತೇಶ್ ಬದುಕಿದ್ದು ತಾನೇ ಲಿಂಗ ತೆಗೆದುಕೊಂಡು ಎಲ್ಲಿಗೋ ಹೋಗಿರಬೇಕು. ಇಲ್ಲವೇ ಯಾರೋ ಅದನ್ನು ಅವನ ಅಂಗೈಯಲ್ಲಿಟ್ಟು ಹೂತಿರಬೇಕು. ಅದು ಶೃತಿಗೂ ಹೊಳೆದಿತ್ತು. ಅವಳು ಕಾಯುತ್ತಿದ್ದದ್ದು ಮೊದಲನೆಯದನ್ನು ನಾಗವೇಣಿಯ ಬಾಯಿಂದ ಕೇಳುವುದಕ್ಕೆ. ನಾಗವೇಣಿಗೆ ಅದನ್ನು ಹೇಳುವ ಧೈರ್ಯ ಬರಲಿಲ್ಲ.

ಎದುರಿಗೆ ಮಲ್ಲಿಕಾರ್ಜುನ್ ಕಾಡು ನೋಡುತ್ತ ಕೂತಿದ್ದ. ನಲವತ್ತು ದಾಟಿದ, ಮೈಕೈ ತುಂಬಿದ ಮನುಷ್ಯ. ಕಾಡೊಳಗಿನ ಕಾವಲು ಶಿಬಿರಗಳಿಗೆ ಅಕ್ಕಿ, ಬೇಳೆ, ಸೀಮೆಎಣ್ಣೆ ಒದಗಿಸುವ ಗುತ್ತಿಗೆ ಅವನದು. ಅಪ್ಪ ಸದಾಶಿವಪ್ಪನ ಜೊತೆ ಮಾತು ಬಿಟ್ಟು ಸೊರಬದಲ್ಲಿ ಬೇರೆ ಮನೆ ಮಾಡಿದ್ದ. ಕಟ್ಟೆಯಲ್ಲಿ ಸಿಕ್ಕ ಅಂಗಿ ತಮ್ಮನದೇ ಎಂದು ಗುರುತು ಹೇಳಿದವನೂ ಅವನೇ. ಗೇಟಿನಲ್ಲಿ ಕರಿಯಣ್ಣನಿಗೆ, “ನಿನ್ನ ಜೀಪಿಗಿಂತ ನಮ್ಮಪ್ಪನ ಗಾಡಿ ಎತ್ತೇ ವಾಸಿ, ಅವಕ್ಕೆ ಬ್ರೇಕಾದ್ರೂ ಇತ್ತು,” ಎಂದು ತಮಾಷೆ ಮಾಡಿದವನು ಕರಡಿಗೆಯ ಮಾತು ಬಂದಾಗಿನಿಂದ ತುಟಿ ಬಿಚ್ಚಿರಲಿಲ್ಲ.

ದಾರಿ ಒಂದು ದೊಡ್ಡ ಹುತ್ತವನ್ನು ಬಳಸಿ ಬಲಕ್ಕೆ ತಿರುಗಬೇಕಿತ್ತು. ಹುತ್ತದ ಆಚೆ ಏನಿದೆಯೆಂದು ಇನ್ನೂ ಕಾಣುತ್ತಿರಲಿಲ್ಲ.

ಆಗ ಮಲ್ಲಿಕಾರ್ಜುನ್ ಕಾಲಿನಿಂದ ಚಪ್ಪಲಿ ಕಳಚಿದ.

ಬಗ್ಗಲಿಲ್ಲ, ಕೈ ಹಾಕಲಿಲ್ಲ. ಬಲಗಾಲು ಹಿಮ್ಮಡಿ ಎತ್ತಿ ಹೊರಬಂತು, ಆಮೇಲೆ ಎಡಗಾಲು. ಎರಡು ಪಾದವನ್ನೂ ತಗಡಿನ ಮೇಲೆ ಜೋಡಿಸಿಟ್ಟ. ಗುಡಿಯ ಮುಂದೆ ಬಸ್ಸು ಹಾದುಹೋಗುವಾಗ ಕಿಟಕಿ ಪಕ್ಕದವರು ಮಾತು ನಿಲ್ಲಿಸದೆಯೇ ಎದೆ ಮುಟ್ಟಿಕೊಳ್ಳುತ್ತಾರಲ್ಲ, ಹಾಗೆ. ತಾನು ಹಾಗೆ ಮಾಡಿದ್ದು ಅವನ ಗಮನಕ್ಕೇ ಬಂದಿರಲಿಕ್ಕಿಲ್ಲ.

ಜೀಪು ಹುತ್ತವನ್ನು ಬಳಸಿತು.

ಬಲಕ್ಕೆ ಚರಂಡಿ, ಅದರಾಚೆ ಸಾಗುವಾನಿ ಮರಗಳ ನಡುವೆ ಇಳಿಜಾರು. ಮಳೆನೀರು ಹಿಡಿಯಲು ಇಲಾಖೆ ತೋಡಿಸಿದ ಇಂಗುಗುಂಡಿಗಳು ಸಾಲಾಗಿ ಬಾಯಿ ತೆರೆದುಕೊಂಡು ಬಿದ್ದಿದ್ದವು. ನಡುವೆ ಒಂದು ಮಾತ್ರ ತೆರೆದಿರಲಿಲ್ಲ. ಅಲ್ಲಿ ಮಣ್ಣು ನೆಲಕ್ಕಿಂತ ತುಸು ಎತ್ತರಕ್ಕೆ ಬಂದಿತ್ತು. ಸಾಗುವಾನಿಯ ಒಣ ಎಲೆ ಸುತ್ತಲೂ ಹಾಸಿಕೊಂಡಿತ್ತು. ಆ ಮಣ್ಣಿನ ಮೇಲೆ ಮಾತ್ರ ಒಂದು ಬುಟ್ಟಿಯಷ್ಟು ಹಸಿರು.

“ಪತ್ರೆ,” ಎಂದಳು ಶೃತಿ. ದನಿ ಹೊರಡಲಿಲ್ಲ, ತುಟಿ ಮಾತ್ರ ಆಡಿತು.

ಕರಿಯಣ್ಣ ಬ್ರೇಕ್ ಹಾಕಿದ. ಆದರೆ ಪತ್ರೆ ನೋಡಿ ಅಲ್ಲ.

“ಯಾರೂ ಅಲ್ಲಾಡಬೇಡಿ,” ಎಂದು ಉಸಿರಲ್ಲೇ ಹೇಳಿ ಎಂಜಿನ್ ಆರಿಸಿದ. “ಗುಂಡಿ ಸಾಲಿನ ಆಚೆ ತುದಿ. ಲಂಟಾನ ಪೊದೆ ಬುಡದಾಗೆ.”

ಮೊದಲು ಏನೂ ಕಾಣಲಿಲ್ಲ. ಆಮೇಲೆ ನೆರಳಿನೊಳಗೆ ಒಂದು ಬಿಳಿ ಚುಕ್ಕೆ ಅಲುಗಿತು. ಕಿವಿಯ ಹಿಂಭಾಗ. ಅದರ ಸುತ್ತ ನಿಧಾನಕ್ಕೆ ಪಟ್ಟೆಗಳು ಕೂಡಿಕೊಂಡವು. ಹುಲಿ ಅತ್ತ ಮುಖ ಮಾಡಿ ಮಲಗಿತ್ತು. ನಡುವೆ ಡೊಂಕಾದ ಬಾಲ ನೆಲಕ್ಕೆ ಒಮ್ಮೆ ಬಡಿಯಿತು.

“ಹಿಂದಕ್ಕೆ ತಗೋ,” ಎಂದಳು ನಾಗವೇಣಿ.

“ಸ್ಟಾರ್ಟ್ ಮಾಡಿದ್ರೆ ಏಳ್ತೈತೆ ಮೇಡಂ. ವಾರದಿಂದ ತಮಟೆ ಬಡಿದು, ಪಟಾಕಿ ಹೊಡೆದು ಅದಕ್ಕೆ ತಲೆ ಕೆಡಿಸಿಟ್ಟವ್ರೆ. ಮುಂಚಿನ ಸೊಟ್ಟಬಾಲ ಅಲ್ಲ ಈಗ. ಅದಾಗೇ ಎದ್ದು ಹೋಗ್ಲಿ, ಕಾಯಾಣ.”

ಅವರು ಕಾದರು. ಪಿಸ್ತೂಲಿಲ್ಲ, ಫೋನಿಲ್ಲ, ಇಳಿಯುವಂತಿಲ್ಲ, ಹೋಗುವಂತಿಲ್ಲ. ತಾನು ಹುಡುಕಿಕೊಂಡು ಬಂದದ್ದು ಚರಂಡಿಯಾಚೆ ಕಲ್ಲೆಸೆದರೆ ಬೀಳುವಷ್ಟು ಹತ್ತಿರದಲ್ಲಿದೆ. ಕೆಲಸಕ್ಕೆ ಸೇರಿದ ಮೇಲೆ ಇಷ್ಟು ನಿಷ್ಪ್ರಯೋಜಕಳಾಗಿ ಅವಳು ಎಂದೂ ಕೂತಿರಲಿಲ್ಲ.

ಕೈಯಲ್ಲಿ ಉಳಿದದ್ದು ಮಾತೊಂದೇ. ಅದೂ ಪಿಸುಮಾತು.

“ಮಲ್ಲಿಕಾರ್ಜುನ್ ಅವರೇ, ಚಪ್ಪಲಿ ಯಾಕೆ ಬಿಟ್ರಿ?”

ಅವನು ತನ್ನ ಪಾದಗಳನ್ನು ನೋಡಿಕೊಂಡ. ಬೇರೆ ಯಾರದೋ ಪಾದ ನೋಡುವವನ ಹಾಗೆ.

“ಸೆಕೆ ರೀ.”

“ಹುತ್ತದ ಆಚೆ ಏನಿದೆ ಅಂತ ನಮ್ಗೆ ಯಾರಿಗೂ ಕಾಣೋ ಮೊದ್ಲೇ ಬಿಟ್ರಿ.”

“ಈ ದಾರೀಲಿ ಶಿಬಿರಕ್ಕೆ ಸಾಮಾನು ತರ್ತೀನಿ. ಹುತ್ತಕ್ಕೆ ಕೈ ಮುಗಿಯೋ ರೂಢಿ.”

“ಹುತ್ತ ದಾಟಿತು. ಚಪ್ಪಲಿ ಇನ್ನೂ ಹಾಕಿಲ್ಲ.”

ಮಲ್ಲಿಕಾರ್ಜುನ್ ನಾಗವೇಣಿಯನ್ನು ನೋಡುತ್ತಲೇ ಇರಲಿಲ್ಲ. ಅವನ ಕಣ್ಣು ಮಣ್ಣಿನ ಮೇಲಿನ ಹಸಿರಿಗೆ ಅಂಟಿಕೊಂಡಿತ್ತು. ಮುಖದಲ್ಲಿ ರಕ್ತ ಇರಲಿಲ್ಲ. ಸಿಕ್ಕಿಬಿದ್ದವನ ಮುಖ ಎಂದು ನಾಗವೇಣಿ ತಿಳಿದಳು. ಅಲ್ಲಿ ಅವಳು ತಪ್ಪಿದಳು. ಆದರೆ ಅದು ಆಮೇಲಿನ ಮಾತು.

“ಕರಿಯಣ್ಣ, ಈ ಕಾಡಲ್ಲಿ ಬಿಲ್ವದ ಮರ ಇದೆಯಾ?”

“ಗೇಟಿನ ಬಸವಣ್ಣನ ಗುಡಿ ಹತ್ರ ಒಂದೈತೆ. ಒಳಗೆ ನಾ ಕಂಡಂಗೆ ಇಲ್ಲ.”

“ಬಾಡಿಲ್ಲ ನೋಡಿ,” ಎಂದಳು ನಾಗವೇಣಿ ಮಲ್ಲಿಕಾರ್ಜುನನಿಗೆ. “ನಿನ್ನೆ ಮೊನ್ನೇದಲ್ಲ, ಇವತ್ತಿಂದು. ಇವತ್ತು ಬೆಳಿಗ್ಗೆ ಕಾಡೊಳಗೆ ಬಂದ ಗಾಡಿ ನಿಮ್ದೊಂದೇ ಅಂತ ಗೇಟಿನವರು ಹೇಳಿದ್ರು. ಲಿಂಗಾನ ಕೆಸರಿಗೆ ಹಾಕೋಕೆ ನಿಮಗೆ ಆಗ್ಲಿಲ್ಲ, ಅಲ್ವಾ?”

ಶೃತಿ ಕೂತಲ್ಲೇ ಮುಂದಕ್ಕೆ ಬಾಗಿದಳು. “ಭಾವ,” ಎಂದಳು. ಅಷ್ಟೇ.

ಅದೊಂದು ಮಾತಿಗೆ ಅವನು ಕುಸಿದ. ಮೊಣಕಾಲ ಮೇಲೆ ಮೊಣಕೈಯೂರಿ, ಎರಡೂ ಅಂಗೈಯಲ್ಲಿ ಮುಖ ಇಟ್ಟುಕೊಂಡ. ಬೆರಳುಗಳ ಸಂದಿಯಿಂದ ಮಾತು ಬಂತು.

“ಕೊಂದಿಲ್ಲಮ್ಮ. ನಿನ್ನಾಣೆ. ನಾ ಕೊಂದಿಲ್ಲ.”

“ಹೂತ್ರಿ,” ಎಂದಳು ನಾಗವೇಣಿ.

“ಹೂತೆ.”

ಶೃತಿಯ ಬಾಯಿಂದ ಒಂದು ಸದ್ದು ಹೊರಟಿತು. ನಾಗವೇಣಿ ಅವಳ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಳು. ಪೊದೆಯ ಬುಡದಲ್ಲಿ ಕಿವಿಯೆರಡೂ ಇತ್ತ ತಿರುಗಿ ಮತ್ತೆ ಅತ್ತ ಹೋದವು. ಗಂಡ ಮಣ್ಣಾದ ಸುದ್ದಿ ಕೇಳಿದ ಹೆಂಗಸಿಗೆ ಅಳುವುದಕ್ಕೂ ಬಿಡದ ಹಾಗೆ ಬಾಯಿ ಮುಚ್ಚಿ ಹಿಡಿಯಬೇಕಾಗಿತ್ತು. ಶೃತಿಯ ಬಿಸಿಯುಸಿರು ಅಂಗೈಗೆ ಬಡಿಯುತ್ತಲೇ ಇತ್ತು.

“ಹೇಳಿ,” ಎಂದಳು ನಾಗವೇಣಿ. “ಮೆಲ್ಲಗೆ ಹೇಳಿ.”

“ಆವತ್ತು ಶಿಬಿರಕ್ಕೆ ಸಾಮಾನು ಹಾಕಿ ವಾಪಸು ಬರ್ತಿದ್ದೆ. ಹೊತ್ತು ಮುಳುಗ್ತಿತ್ತು. ಇವನು ಹುಲಿ ಗಣತಿಗೆ ಬಂದವನು ಕ್ಯಾಮೆರಾ ನೋಡ್ಕೊಂಡು ನಡ್ಕೊಂಡೇ ಬರ್ತೀನಿ ಅಂದಿದ್ದ. ಆ ಹುತ್ತದ ಹತ್ರ ಬಿದ್ದಿದ್ದ. ತಲೆ ಮುಖ ಎಲ್ಲ ರಕ್ತ.”

“ಗುಂಡೇಟಾ?”

“ರಕ್ತದಾಗೆ ಏನ್ ಕಾಣ್ತೈತೆ ರೀ? ಪಕ್ಕದಾಗೆ ಬಂದೂಕು ಬಿದ್ದಿತ್ತು.” ಅವನು ಮುಖದಿಂದ ಕೈ ತೆಗೆದ. “ಅಪ್ಪಾರ ಬಂದೂಕು.”

ಸದಾಶಿವಪ್ಪನ ಜಮೀನು ಕಾಡಂಚಿನಲ್ಲಿತ್ತು. ಹಂದಿ ಕಾಟಕ್ಕೆಂದು ಆತ ಬೇಲಿಗೆ ಕರೆಂಟು ಕೊಟ್ಟಿದ್ದನ್ನು ಅರಣ್ಯ ಇಲಾಖೆಗೆ ತಿಳಿಸಿದವನು ಸ್ವಂತ ಮಗ ಮಹಾಂತೇಶನೇ. ಮುದುಕ ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಮುಂದೆ, ಹೊಲಕ್ಕೆ ಕಾಲಿಟ್ಟರೆ ಗುಂಡು ಹಾಕುತ್ತೇನೆ ಎಂದು ಮಗನಿಗೆ ಕೂಗಾಡಿದ್ದ. ಅದು ತಾಲ್ಲೂಕಿಗೆಲ್ಲ ಗೊತ್ತಿತ್ತು.

“ಅಪ್ಪಾರದೇ ಅಂತ ಹೆಂಗೆ ಗೊತ್ತಾಯ್ತು?”

“ಹಿಡಿ ಸೀಳಿತ್ತು, ಹಿತ್ತಾಳೆ ತಂತಿ ಸುತ್ತಿದ್ವಿ. ಸಣ್ಣವನಿದ್ದಾಗ ನಾನೇ ಹಿಡ್ಕೊಂಡು ನಿಂತಿದ್ದೆ, ಅಪ್ಪಾರು ಸುತ್ತಿದ್ರು.” ಅವನು ಅಂಗೈಯಿಂದ ಮುಖ ಒರೆಸಿಕೊಂಡ. “ತಮ್ಮ ಹೋದ. ಅಪ್ಪಾರಿಗೆ ಎಪ್ಪತ್ತರ ಮೇಲಾಯ್ತು, ಜೈಲಿಗೆ ಹಾಕಿದ್ರೆ ಅವ್ವ ಉಳೀತಾಳಾ? ಹುಲಿ ಮೇಲೆ ಹಾಕಿದ್ರೆ ಮುಗೀತು ಅಂದ್ಕೊಂಡೆ. ಅಂಗಿ ಹರಿದು, ಖಾಲಿ ಕರಡಿಗೆ ಜೊತೆ ಕಟ್ಟೆ ಹತ್ರ ಹಾಕ್ದೆ. ಬಂದೂಕು ಕಟ್ಟೆ ನಡುವಿಗೆ ಎಸೆದೆ. ಇವನ್ನ ಇಲ್ಲಿ ಗುಂಡಿಯಾಗೆ ಕೂರಿಸಿ, ವಿಭೂತಿ ಹಚ್ಚಿ, ಅಂಗೈಯಾಗೆ ಲಿಂಗ ಇಟ್ಟೆ. ಮಾಡೋ ಹಂಗೆ ಮಾಡಿದೀನಮ್ಮ ಶೃತಿ. ನಾಯಿ ನರಿ ಎಳೆಯೋ ಹಂಗೆ ಬಿಟ್ಟಿಲ್ಲ. ಸಲಿಕೆ ಗಾಡಿಯಾಗೇ ಇತ್ತು. ಗಡಿಬಿಡಿ, ಮಣ್ಣು ಮಾತ್ರ ಮೇಲೆ ಮೇಲೆ ಬಿತ್ತು.”

ನಾಗವೇಣಿ ತಡೆದು ಕೇಳಿದಳು.

“ನೀವು ಅಪ್ಪನ ಜೊತೆ ಮಾತಾಡಿ ಎಷ್ಟು ಕಾಲ ಆಯ್ತು?”

“ವರ್ಷ ಆಯ್ತು. ಯಾಕ್ರೀ?”

“ಪಂಚಾಯ್ತಿ ಚುನಾವಣೆ ಘೋಷಣೆ ಆದಾಗ ಲೈಸೆನ್ಸ್ ಬಂದೂಕು ಎಲ್ಲಾ ಠಾಣೆಗೆ ತಂದಿಡಿ ಅಂತ ಡಂಗುರ ಹೊಡೆಸಿದ್ವಿ. ಪ್ರತಿ ಚುನಾವಣೆಗೂ ಇರೋದೇ. ಸದಾಶಿವಪ್ಪನವರು ಮೊದಲನೇ ದಿನವೇ ತಂದಿಟ್ರು. ಹಿಡಿಗೆ ಹಿತ್ತಾಳೆ ತಂತಿ ಸುತ್ತಿದೆ. ನಾನೇ ಚೀಟಿ ಕಟ್ಟಿ ಒಳಗಿಟ್ಟು ಬೀಗ ಹಾಕ್ದೆ.” ಅವಳು ಒಂದೊಂದೇ ಮಾತನ್ನು ಇಳಿಸಿ ಇಟ್ಟ ಹಾಗೆ ಹೇಳಿದಳು. “ಇವತ್ತಿಗೂ ಅದು ನನ್ನ ಠಾಣೇಲೇ ಇದೆ, ಮಲ್ಲಿಕಾರ್ಜುನ್. ನಿಮ್ಮ ತಮ್ಮ ಕಾಡಿಗೆ ಬರೋ ಎಷ್ಟೋ ಮೊದಲಿಂದ ಅಲ್ಲೇ ಇದೆ.”

ಮಲ್ಲಿಕಾರ್ಜುನ್ ಅವಳನ್ನು ನೋಡುತ್ತ ಕೂತ. ಮಾತು ಕಿವಿಗೆ ಬಿದ್ದಿದೆ, ಇನ್ನೂ ಒಳಗೆ ಹೋಗಿಲ್ಲ ಎಂಬ ನೋಟ.

“ಅದು ಅಪ್ಪಾರದ್ದೇ,” ಎಂದ.

“ಅಲ್ಲ. ನಿಮ್ಮ ಕಣ್ಣಿಗೆ ಬೀಳಲಿ ಅಂತ ಯಾರೋ ಅದೇ ಥರ ತಂತಿ ಸುತ್ತಿಟ್ಟಿದ್ದು. ಅದನ್ನ ನೋಡಿದ್ರೆ ನೀವು ಬಾಯಿ ಮುಚ್ಕೊಂಡು ಇಂಥದ್ದೇ ಏನಾದ್ರೂ ಮಾಡ್ತೀರಿ ಅಂತ ಗೊತ್ತಿದ್ದೋರು. ಹಂಗೇ ಮಾಡಿದ್ರಿ.”

ಹೇಳಿದ ಮೇಲೆ ಅವಳಿಗೆ ಹೇಳಬಾರದಿತ್ತು ಅನಿಸಿತು. ಇದು ಠಾಣೆಯ ಕೊಠಡಿಯಲ್ಲಿ, ಬಾಗಿಲು ಹಾಕಿ, ಪಕ್ಕದಲ್ಲಿ ಇಬ್ಬರನ್ನು ನಿಲ್ಲಿಸಿಕೊಂಡು ಹೇಳಬೇಕಾದ ಮಾತು. ಹುಲಿಯ ಎದುರು ತೆರೆದ ಜೀಪಿನಲ್ಲಿ ಹೇಳುವಂಥದ್ದಲ್ಲ.

ಮಲ್ಲಿಕಾರ್ಜುನ್ ಮತ್ತೆ ಹಸಿರು ಪತ್ರೆಯ ಕಡೆ ತಿರುಗಿದ. ಅವನ ತುಟಿ ಏನೋ ಎಣಿಸಿದ ಹಾಗೆ ಅಲುಗಿತು. ಆಮೇಲೆ ಬಲಗೈಯಿಂದ ಜೀಪಿನ ಕಂಬಿ ಹಿಡಿದ.

“ಬೇಡ,” ಎಂದಳು ನಾಗವೇಣಿ.

ಅವಳು ಅವನ ತೋಳಿಗೆ ಕೈ ಹಾಕಿದಳು. ಅಂಗಿಯ ಬಟ್ಟೆ ಬೆರಳಿಗೆ ಸಿಕ್ಕಿ ಜಾರಿತು. ಅವನು ಅಷ್ಟು ದೊಡ್ಡ ಮೈಯನ್ನು ಸದ್ದಿಲ್ಲದೆ ಕೆಳಕ್ಕೆ ಇಳಿಸಿದ್ದ. ಚಪ್ಪಲಿ ಜೀಪಿನಲ್ಲೇ ಉಳಿಯಿತು.

“ಅಯ್ಯೋ ಸಾವ್ಕಾರ್ರೇ, ಹತ್ತಿ,” ಎಂದು ಕರಿಯಣ್ಣ ಪಿಸುಗುಟ್ಟಿದ. “ನನ್ನ ಕೆಲಸ ಹೋಗ್ಲಿ, ನಿಮ್ಮ ಜೀವ ಹೋಗುತ್ತೆ. ಹತ್ರೀ.”

ಮಲ್ಲಿಕಾರ್ಜುನ್ ಚರಂಡಿ ದಾಟಿದ. ಬರಿಗಾಲಿನ ಕೆಳಗೆ ಸಾಗುವಾನಿ ಎಲೆ ಹಪ್ಪಳ ಮುರಿದ ಹಾಗೆ ಸದ್ದು ಮಾಡಿತು. ನಾಗವೇಣಿ ಇಳಿಯಲೆಂದು ಎದ್ದಳು. ಶೃತಿ ಅವಳ ಸೊಂಟವನ್ನು ಎರಡೂ ಕೈಯಿಂದ ಬಳಸಿ ಹಿಡಿದುಕೊಂಡಿದ್ದಳು. ಬಿಡಿಸಿಕೊಂಡರೆ ಅವಳೂ ಇಳಿಯುತ್ತಾಳೆ ಎಂಬುದು ಆ ಹಿಡಿತದಲ್ಲೇ ತಿಳಿಯುತ್ತಿತ್ತು. ಕೂಗಿದರೆ ಹುಲಿ ಏಳುತ್ತದೆ, ಸುಮ್ಮನಿದ್ದರೆ ಅವನು ಹಿಂತಿರುಗುವುದಿಲ್ಲ. ನಾಗವೇಣಿ ಅರ್ಧ ಎದ್ದ ಹಾಗೆಯೇ ನಿಂತು ನೋಡಿದಳು. ನೋಡುವುದೊಂದೇ ಅವಳಿಗೆ ಉಳಿದಿತ್ತು.

“ಗಾಡಿ ಅಡ್ಡ ತರೋಕಾಗುತ್ತಾ?”

“ಚರಂಡಿ ದಾಟಲ್ಲ ಮೇಡಂ.”

ಮಲ್ಲಿಕಾರ್ಜುನ್ ಮಣ್ಣಿನ ದಿಬ್ಬದ ಮುಂದೆ ಮಂಡಿಯೂರಿದ. ಹುಲಿಯನ್ನು ಒಮ್ಮೆಯೂ ನೋಡಲಿಲ್ಲ. ಎರಡೂ ಕೈಯಿಂದ ಪತ್ರೆಯನ್ನು ಪಕ್ಕಕ್ಕೆ ಸರಿಸಿದ.

ಅವನ ಬೆನ್ನು ಸೆಟೆಯಿತು.

ಅವನು ತಿರುಗಿದಾಗ ಅಂಗೈ ಮೇಲೆ ಕಪ್ಪಗೆ, ಸಣ್ಣ ಅಡಿಕೆಯಷ್ಟು ಏನೋ ಕೂತಿತ್ತು. ಅವನು ಅದನ್ನು ಎದೆಯ ಎತ್ತರಕ್ಕೆ ಎತ್ತಿ ಹಿಡಿದಿದ್ದ. ನೆಲಕ್ಕೆ ಬೀಳಬಾರದು ಎಂದು ಇನ್ನೊಂದು ಕೈಯನ್ನು ಕೆಳಗೆ ಒಡ್ಡಿದ್ದ.

“ಅವರದ್ದು,” ಎಂದಳು ಶೃತಿ. “ಅವರ ಲಿಂಗ.”

“ಶೃತಿ,” ಎಂದ ಮಲ್ಲಿಕಾರ್ಜುನ್. ಈಗ ಅವನು ಪಿಸುಗುಡುತ್ತಿರಲಿಲ್ಲ. “ಈ ಪತ್ರೆ ನಂದಲ್ಲ. ಬೆಳಿಗ್ಗೆ ನಾ ಶಿಬಿರಕ್ಕೆ ಬಂದಿದ್ದೆ, ಇಲ್ಲಿ ನಿಲ್ಲಿಸ್ಲಿಲ್ಲ. ಆವತ್ತಿಂದ ಈ ಕಡೆ ಇಳಿದಿಲ್ಲ, ಇಳಿಯೋ ಧೈರ್ಯ ಇರ್ಲಿಲ್ಲ. ಜಾಗ ಗೊತ್ತಿದ್ದದ್ದು ನನಗೊಬ್ಬನಿಗೆ. ಲಿಂಗ ಅವನ ಅಂಗೈಯಾಗೆ ಇಟ್ಟು, ಬೆರಳು ಮಡಚಿ, ಮೇಲೆ ಮಣ್ಣು ಎಳೆದಿದ್ದೆ. ಅಡಿಯಾಗ ಇದ್ದದ್ದು ಮ್ಯಾಲೆ ಹೆಂಗೆ ಬಂತು?”

ನಾಗವೇಣಿ ಆಗ ಗಮನಿಸಿದಳು. ಪತ್ರೆ ಸರಿದ ಜಾಗದಲ್ಲಿ ಮಣ್ಣು ಉಬ್ಬಿರಲಿಲ್ಲ. ನಡುವೆ ಕುಸಿದು ಒಂದು ಆಳು ತೂರುವಷ್ಟು ತಗ್ಗಾಗಿತ್ತು. ಎತ್ತರ ಇದ್ದದ್ದು ಅಂಚಿನಲ್ಲಿ ಮಾತ್ರ. ಹೊರಗಿನಿಂದ ಅಗೆದವರು ಮಣ್ಣನ್ನು ಒಂದು ಕಡೆ ಹಾಕುತ್ತಾರೆ. ಇದು ಒಳಗಿನಿಂದ ತಳ್ಳಿದ ಹಾಗೆ ಸುತ್ತಲೂ ಚೆಲ್ಲಿತ್ತು.

ಶೃತಿಯೂ ಅದನ್ನು ನೋಡಿದಳು. ನಾಗವೇಣಿಯ ಸೊಂಟ ಬಳಸಿದ್ದ ಅವಳ ಕೈ ಸಡಿಲವಾಯಿತು. ಸೆರಗಿನಿಂದ ವಿಭೂತಿ ಗಟ್ಟಿ ಜಾರಿ ತಗಡಿನ ಮೇಲೆ ಬಿದ್ದು ಒಡೆಯಿತು.

ಲಂಟಾನ ಪೊದೆಯ ಬುಡ ಖಾಲಿಯಾಗಿತ್ತು. ಹುಲಿ ಯಾವಾಗ ಎದ್ದಿತೆಂದು ಯಾರೂ ನೋಡಿರಲಿಲ್ಲ. ಅದು ಗುಂಡಿ ಸಾಲಿನ ತುದಿಯಲ್ಲಿ ತಲೆ ತಗ್ಗಿಸಿ, ಮಲ್ಲಿಕಾರ್ಜುನನ ಬೆನ್ನನ್ನೇ ನೋಡುತ್ತ ನಿಂತಿತ್ತು. ಕರಿಯಣ್ಣನ ಕೈ ಕೀಲಿಯ ಮೇಲಿತ್ತು, ತಿರುಗಿಸುವ ಧೈರ್ಯ ಬರಲಿಲ್ಲ.

“ಭಾವ,” ಎಂದಳು ಶೃತಿ. ಅವಳಿಗೆ ಹುಲಿ ಕಾಣುತ್ತಿತ್ತೋ ಇಲ್ಲವೋ. “ಹೂಳೋಕೆ ಮುಂಚೆ ಅವರ ಮೂಗಿನ ಹತ್ರ ಕೈ ಇಟ್ಟು ನೋಡಿದ್ರಾ?”

ಮಲ್ಲಿಕಾರ್ಜುನ್ ಅಂಗೈ ಮೇಲಿನ ಲಿಂಗವನ್ನು ನೋಡಿದ. ಅದರ ಸಂದಿಯಲ್ಲಿ ಮೆತ್ತಿದ್ದ ಮಣ್ಣು ಎಂದೋ ಒಣಗಿತ್ತು.

“ಬಂದೂಕು ನೋಡಿದೆನಮ್ಮ,” ಎಂದ. “ಉಸಿರು ನೋಡ್ಲಿಲ್ಲ.”